ಚಿಕ್ಕ ಗೇರು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಟೆಂಟು ಇದೆ. ನಾಲ್ಕು ಜನ ಮಲಗಬಹುದೆಂದು ಅದರ ಚೀಲದ ಮೇಲೆ ಬರೆದಿದ್ದಾರೆ. ಆ ನಾಲ್ವರು ಯಾವ ಊರಿನವರೋ ಗೊತ್ತಿಲ್ಲ. ಮೊದಲ ಏಳು ವರ್ಷದಲ್ಲಿ ಅದನ್ನು ಬಿಡಿಸಿದ್ದು ಎರಡೇ ಸಲ. ತಂದ ದಿನ ನಡುಮನೆಯಲ್ಲಿ ಒಮ್ಮೆ, ತಾರಸಿಯಲ್ಲಿ ಇನ್ನೊಮ್ಮೆ. ತಾರಸಿಯಲ್ಲಿ ಸಂಡಿಗೆ ಒಣಹಾಕಲು ಜಾಗವಿಲ್ಲವೆಂದು ಅರ್ಧ ಗಂಟೆಯಲ್ಲೇ ಮಡಚಬೇಕಾಯಿತು.

ಮೂರನೆಯ ಸಲ ಬಿಡಿಸೋಣವೆಂದು, ಮಳೆಗಾಲ ಮುಗಿಯಿತೆಂದು ನಂಬಿ, ಒಂದು ಅಕ್ಟೋಬರಿನಲ್ಲಿ ಸಕಲೇಶಪುರದಾಚೆ ಬಿಸಿಲೆ ಕಡೆಯ ಗೆಳೆಯನ ಕಾಫಿ ತೋಟಕ್ಕೆ ಹೊರಟೆವು. ಕಾಯ್ದಿಟ್ಟ ಕಾಡಿನಲ್ಲಿ ಕಂಡಕಂಡಲ್ಲಿ ಟೆಂಟು ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ. ನಮ್ಮಂಥವರ ವನವಾಸಕ್ಕೆ ಗೆಳೆಯರ ತೋಟವೇ ಗತಿ. ಗೇಟು ದಾಟಿ ಏರು ಹತ್ತುವಾಗ ನಮ್ಮ ಪುಟ್ಟ ಕಾರು ಕೆಸರಿನಲ್ಲಿ ಹೊಟ್ಟೆಯೂರಿ ಕೂತಿತು. ಎಕ್ಸಲರೇಟರು ಒತ್ತಿದಷ್ಟೂ ಮುಂದಿನ ಚಕ್ರಗಳು ನೆಲ ತೋಡಿದವು. ಕೊನೆಗೆ ತೋಟದ ರೈಟರು ಟ್ರ್ಯಾಕ್ಟರು ತಂದು, ಹಗ್ಗ ಕಟ್ಟಿ ಎಳೆಸಿದರು. ಹಗ್ಗ ಬಿಚ್ಚುತ್ತಾ ಹೇಳಿದರು: “ಗೇಟಿನ ಹತ್ರಾನೇ ನಿಲ್ಸಿ ನಡ್ಕೊಂಡು ಬರೋದಲ್ವಾ ಸಾರ್? ಅರ್ಧ ಕಿಲೋಮೀಟ್ರೂ ಇಲ್ಲ. ಗಾಡೀಲೇ ಬರ್ಬೇಕು ಅಂದ್ರೆ ಫೋರ್‌ವೀಲೇ ಬೇಕು.”

ಹೇಳಿದ್ದು ಎರಡು ಬುದ್ಧಿಮಾತು. ನನ್ನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ.

ಮಲೆನಾಡಿನಲ್ಲಿ ಫೋರ್‌ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಶೋಕಿಯಲ್ಲ. ಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ಇಲ್ಲಿ ಜೋಡಿಸತೊಡಗಿದರು. ಆಮೇಲೆ ಬಂದ ಜೀಪುಗಳು ನಮ್ಮ ಘಟ್ಟದ ಮೇಲೆ ಗೊಬ್ಬರದ ಮೂಟೆ ಹೊತ್ತವು, ಕಾಫಿ ಬೀಜ ಹೊತ್ತವು, ಹೆರಿಗೆ ನೋವು ತಿನ್ನುವ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದವು. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪಿನಲ್ಲಿ ಒಮ್ಮೆ ಕೂತವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ರಸ್ತೆ ಅನ್ನುವುದು ಅಲ್ಲಿ ಡ್ರೈವರನ ನೆನಪಿನಲ್ಲಿ ಮಾತ್ರ ಇರುತ್ತದೆ. ಅಲ್ಲಿನವರಿಗೆ ಫೋರ್‌ವೀಲ್ ಅನ್ನದ ದಾರಿ. ನನಗೆ ಅದು ಐವತ್ತೆರಡನೆಯ ವಯಸ್ಸಿನ ಹಂಬಲ. ಹೊಸದಕ್ಕೆ ಕೈ ಎಟುಕಲಿಲ್ಲ. ಸೆಕೆಂಡ್ ಹ್ಯಾಂಡಿಗೆ ಬಂದೆ.

ಹಳೇ ಗಾಡಿ ಹುಡುಕುತ್ತಿದ್ದೇನೆ ಎಂದು ಬಾಯಿ ಬಿಟ್ಟರೆ ಸಾಕು, ಊರೆಲ್ಲ ಪಂಡಿತರು. ಒಬ್ಬರು ಜಿಪ್ಸಿ ಎಂದರು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಹಗುರ, ಸೈನ್ಯವೇ ನಂಬಿದ ಗಾಡಿ, ಕೆಸರಿನಲ್ಲಿ ಮೇಕೆಯ ಹಾಗೆ ಹತ್ತುತ್ತದೆ. ಆದರೆ ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. ಹೆದ್ದಾರಿಯ ಪ್ರತಿ ಜೋಡಣೆಯನ್ನೂ ಬೆನ್ನುಮೂಳೆಗೆ ವರದಿ ಮಾಡುತ್ತದೆ. ಇನ್ನೊಬ್ಬರು 1998ರಲ್ಲಿ ಬಂದ ಟಾಟಾ ಸಫಾರಿಯ ಹೆಸರು ಹೇಳಿದರು. ಅದು ದಿವಾನಖಾನೆಯನ್ನೇ ಚಕ್ರದ ಮೇಲಿಟ್ಟ ಹಾಗೆ. ದೂರದ ಪ್ರಯಾಣಕ್ಕೆ ಸುಖ, ತೋಟದ ಕಿರುದಾರಿಯ ತಿರುವಿನಲ್ಲಿ ಮೈ ದೊಡ್ಡದು. ಮೂರನೆಯವರದು 2010ರಲ್ಲಿ ಬಂದ ಮೊದಲ ಥಾರ್. ಹಿಂದೆ ಎದುರುಬದುರು ಬೆಂಚು. “ಅದರಲ್ಲಿ ಕೂತು ಸಕಲೇಶಪುರಕ್ಕೆ ಬರೋಕೆ ನಾನೇನು ಕಾಫಿ ಮೂಟೇನಾ?” ಎಂದಳು ನನ್ನ ಹೆಂಡತಿ.

ಅವಳೇ ಒಂದು ಲೆಕ್ಕವನ್ನೂ ಹೇಳಿದಳು. “ಬೆಂಗಳೂರಿಂದ ಸಕಲೇಶಪುರಕ್ಕೆ ಹತ್ತಿರ ಹತ್ತಿರ 220 ಕಿಲೋಮೀಟರು ಟಾರು. ನಿಮ್ಮ ಕೆಸರು ಎಷ್ಟು? ಅರ್ಧ. ಅರ್ಧ ಕಿಲೋಮೀಟರಿಗೆ ಗೇರು ನೀವು ನೋಡ್ಕೊಳ್ಳಿ, ಉಳಿದಿದ್ದಕ್ಕೆ ಸೀಟು ನಾನು ನೋಡ್ತೀನಿ.” ಗಾಡಿ ಕೊಳ್ಳುವ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ಕೆಲಸದ ಹಂಚಿಕೆಯನ್ನು ನಾನು ಎಲ್ಲೂ ಕೇಳಿಲ್ಲ.

ಗೇರು ನೋಡಲು ನನಗೆ ಬರಬೇಕಲ್ಲ! ನಮ್ಮ ಗ್ಯಾರೇಜಿನ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ದೆ. ಅವರ ಮೊದಲ ಪಾಠ: ಹೆಸರಿಗೆ ಮರುಳಾಗಬೇಡಿ. ಒಂದೇ ಹೆಸರಿನ ಗಾಡಿಯಲ್ಲಿ ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವುದೂ ಇರುತ್ತದೆ, ಬರೀ ಎರಡಕ್ಕೆ ಹೋಗುವುದೂ ಇರುತ್ತದೆ. ಸ್ಕಾರ್ಪಿಯೋದಲ್ಲಿ ಹಾಗೆ, ಸಫಾರಿಯಲ್ಲಿ ಹಾಗೆ, ಥಾರ್‌ನಲ್ಲೂ ಹಾಗೆ. ಹಿಂಬದಿಯ ‘4x4’ ಅಕ್ಷರ ಅಂಗಡಿಯಲ್ಲಿ ಸಿಗುತ್ತದೆ, ಯಾರು ಬೇಕಾದರೂ ಅಂಟಿಸಬಹುದು. “ಕೆಳಗೆ ಮಲ್ಗಿ ನೋಡಿ ಸಾರ್. ಮುಂದಿನ ಚಕ್ರದ ಕಡೆಗೊಂದು ಶಾಫ್ಟು ಹೋಗಿದ್ರೆ ಫೋರ್‌ವೀಲು. ಇಲ್ದಿದ್ರೆ ಬರೀ ಸ್ಟಿಕ್ಕರು.” ಆ ವರ್ಷ ನಾನು ಮಲಗಿದಷ್ಟು ಗಾಡಿಗಳ ಕೆಳಗೆ ಆ ಮೇಸ್ತ್ರಿಯ ಹುಡುಗರೂ ಮಲಗಿರಲಿಕ್ಕಿಲ್ಲ.

ಮೊದಲು ನೋಡಿದ್ದು ದೆಹಲಿಯಿಂದ ಬಂದದ್ದು. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲಿಗೆ 15 ವರ್ಷವೆಂಬ ಕಟ್ಟಳೆ ಬಂದ ಮೇಲೆ ಒಳ್ಳೊಳ್ಳೆಯ ಗಾಡಿಗಳೂ ದಕ್ಷಿಣಕ್ಕೆ ಅಗ್ಗವಾಗಿ ಇಳಿಯತೊಡಗಿದವು. ಬೆಲೆ ಕೇಳಿ ನನ್ನ ಬಾಯಲ್ಲಿ ನೀರೂರಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸವೆದ ಬುದ್ಧಿ ಮಾತ್ರ ಕಾಗದ ಕೇಳಿತು. ಅಲ್ಲಿನ ಆರ್‌ಟಿಓದ ಎನ್‌ಓಸಿ, ಇಲ್ಲಿ ಹೊಸ ನೋಂದಣಿ, ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಕೂಡಿಸಿದರೆ ಅಗ್ಗದ ಗಾಡಿ ಮೆಲ್ಲಗೆ ಇಲ್ಲಿನ ಗಾಡಿಯ ಪಕ್ಕ ಬಂದು ನಿಂತಿತು. ಸಾಲ ಕೊಟ್ಟ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಕೂತಿತ್ತು. ಸಾಲ ತೀರಿತೆನ್ನುವ ಫಾರಂ 35 ಇಲ್ಲದೆ ಆ ಹೆಸರು ಎದ್ದುಹೋಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡನೆಯದು ಬೆಂಗಳೂರಿನದೇ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಬ್ಬರೇ ಮಾಲೀಕರು, ಮಣ್ಣು ಮುಟ್ಟಿಸಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ಫೋರ್‌ವೀಲಿಗೆ ಗೇರಿನ ಕಡ್ಡಿಯಿಲ್ಲ, ಮುಂದಿನ ಹಲಗೆಯಲ್ಲೊಂದು ಗುಂಡಿ. ಮೇಸ್ತ್ರಿ ತಿರುಗಿಸಿದರು. ದೀಪ ಮಿಣುಕಿತು, ಮಿಣುಕುತ್ತಲೇ ಇತ್ತು. ಒಳಗಿನ ಮೋಟಾರು ಹಿಡಿದುಹೋಗಿತ್ತು. “ಒಂದ್ಸಲಾನೂ ಹಾಕಿಲ್ವಾ?” ಎಂದದ್ದಕ್ಕೆ, “ಅವಶ್ಯಕತೆಯೇ ಬರಲಿಲ್ಲ ನೋಡಿ” ಎಂದರು ಮಾಲೀಕರು. ಗೇಟಿನ ಹೊರಗೆ ಬಂದ ಮೇಲೆ ಮೇಸ್ತ್ರಿ ಬೀಡಿ ಹಚ್ಚಿ ಹೇಳಿದರು: “ಓಡಿಸಿ ಕೆಟ್ಟಿದ್ದನ್ನ ರಿಪೇರಿ ಮಾಡಬಹುದು ಸಾರ್. ಕೂತು ಕೆಟ್ಟಿದ್ದು ಎಲ್ಲೆಲ್ಲಿ ಕೆಟ್ಟಿದೆ ಅಂತಾನೇ ಗೊತ್ತಾಗಲ್ಲ.”

ನನಗೇಕೋ ಅಟ್ಟದ ಮೇಲಿನ ಟೆಂಟು ನೆನಪಾಯಿತು.

ಮೂರನೆಯದು ಕೆಎ-18, ಚಿಕ್ಕಮಗಳೂರಿನ ತೋಟವೊಂದರ ಗಾಡಿ. ಹೆಸರು ಹೇಳುವುದಿಲ್ಲ, ಹೇಳಿದರೆ ಓದುಗರಲ್ಲಿ ಅರ್ಧ ಜನ ಈಗಲೇ ತಲೆ ಕೊಡವುತ್ತೀರಿ. ಹನ್ನೊಂದು ವರ್ಷದ ಡೀಸೆಲ್, 15 ವರ್ಷದ ಆರ್‌ಸಿಯಲ್ಲಿ ಇನ್ನೂ ನಾಲ್ಕು ಬಾಕಿ. ಎಡಬಾಗಿಲಿಗೆ ಸಿಲ್ವರ್ ಓಕ್ ಮರದ ಮುದ್ರೆ ಬಿದ್ದಿತ್ತು. ಮೇಸ್ತ್ರಿ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಜ್ವರ ನೋಡುವ ಅಮ್ಮನ ಹಾಗೆ. ನಾವು ಬರುವ ಮೊದಲೇ ಯಾರಾದರೂ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ತಣ್ಣಗಿನ ಸ್ಟಾರ್ಟಿನ ರೋಗ ಮುಚ್ಚಿಹೋಗುತ್ತದಂತೆ. ಹೊಗೆ ನೋಡಿದರು: ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ನಿಲ್ಲದ ಬಿಳಿಯಾದರೆ ನೀರು ಸೇರಿದೆ, ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಟೈರಿನ ಪಕ್ಕೆಯ ನಾಲ್ಕು ಅಂಕಿ ಓದಿದರು. 2319 ಎಂದಿದ್ದರೆ 2019ರ 23ನೇ ವಾರ ಹುಟ್ಟಿದ್ದು. ಫೋರ್‌ವೀಲಿಗೆ ನಾಲ್ಕೂ ಟೈರು ಒಂದೇ ಅಳತೆಯವಾಗಿ, ಒಂದೇ ಹದದಲ್ಲಿ ಸವೆದಿರಬೇಕು. ಕ್ಲಚ್ಚಿನ ಪೆಡಲಿನ ರಬ್ಬರನ್ನೂ ಮೀಟರನ್ನೂ ತಾಳೆ ನೋಡಿದರು. ಮೀಟರು ಸುಳ್ಳು ಹೇಳಬಹುದು, ಸವೆದ ರಬ್ಬರು ಹೇಳುವುದಿಲ್ಲ.

ಕೊನೆಗೆ ದೊಡ್ಡ ಗೇರಿನ ಮಗ್ಗುಲಲ್ಲಿದ್ದ ಚಿಕ್ಕ ಗೇರಿಗೆ ಕೈ ಹಾಕಿದರು. ಗಾಡಿಯನ್ನು ಟಾರಿನಿಂದ ಕೆಸರಿಗಿಳಿಸಿಯೇ ಫೋರ್‌ವೀಲ್ ಹಾಕಿದ್ದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಚಿಕ್ಕ ಗೇರಿನ ಇಂಥ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿಬಿಟ್ಟರೆ ಯಾವುದಾದರೊಂದು ಸ್ವಲ್ಪ ಜಾರಲೇಬೇಕು. ಕೆಸರು ಜಾರಗೊಡುತ್ತದೆ. ಒಣ ಟಾರು ಬಿಡುವುದಿಲ್ಲ, ಆ ಸೆಣಸಾಟವೆಲ್ಲ ಒಳಗಿನ ಹಲ್ಲುಗಳ ಮೇಲೆ ಬೀಳುತ್ತದೆ. ಚಿಕ್ಕ ಗೇರು ‘ಟಕ್’ ಎಂದು ಕೂತಿತು, ಅಡುಗೆಮನೆಯ ಡಬ್ಬಿಯ ಮುಚ್ಚಳದ ಹಾಗೆ. ಹನ್ನೊಂದು ಮಳೆಗಾಲ ಬಳಸಿದ ಕೈಯ ಪಳಗಿಕೆ ಅದರಲ್ಲಿತ್ತು. ಮೇಸ್ತ್ರಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಹಿಂದಿನ ಸೀಟಿನಲ್ಲಿ ಕೂತು ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿಬಂದ ನನ್ನವಳು, “ಸೊಂಟ ಉಳೀತು” ಎಂದಳು. ವ್ಯಾಪಾರ ಮುಗಿಯಿತು.

ಕೀಲಿ ಕೈಗಿಡುವಾಗ ಮೇಸ್ತ್ರಿ ಒಂದು ವ್ರತವನ್ನೂ ಕೊಟ್ಟರು. ತಿಂಗಳಿಗೊಮ್ಮೆಯಾದರೂ ಮಣ್ಣಿಗಿಳಿಸಿ ಫೋರ್‌ವೀಲ್ ಹಾಕಬೇಕು, ಇಲ್ಲದಿದ್ದರೆ ಗಾಡಿ ಮರೆತುಬಿಡುತ್ತದೆ. ಅಂದಿನಿಂದ ತಿಂಗಳ ಮೊದಲ ಭಾನುವಾರ ನಮ್ಮ ಬಡಾವಣೆಯಾಚೆಯ ಖಾಲಿ ಸೈಟಿನಲ್ಲಿ ನಾನು ಚಿಕ್ಕ ಗೇರು ಹಾಕಿ ಹುಲ್ಲು ಮೇಯುವ ಹಸುಗಳ ನಡುವೆ ಪ್ರದಕ್ಷಿಣೆ ಹಾಕುತ್ತೇನೆ. ಹಸುಗಳು ಈಗ ತಲೆಯೆತ್ತುವುದಿಲ್ಲ.

ಮರುವರ್ಷದ ಅಕ್ಟೋಬರಿನಲ್ಲಿ ಟೆಂಟು ಹೇರಿಕೊಂಡು ಮತ್ತೆ ಅದೇ ತೋಟಕ್ಕೆ ಹೋದೆವು. ಅದೇ ಏರು, ಹಿಂದಿನ ಸಲಕ್ಕಿಂತ ಹೆಚ್ಚು ಕೆಸರು. ಗೇಟಿನ ಹತ್ತಿರ ನಿಲ್ಲಿಸಿ ‘ಫೋರ್ ಲೋ’ ಹಾಕಿದೆ. ಈ ಗೇರಿನಲ್ಲಿ ಬಲವೆಲ್ಲ ಎಳೆತಕ್ಕೆ ಹೋಗುತ್ತದೆ, ವೇಗಕ್ಕೆ ಏನೂ ಮಿಗುವುದಿಲ್ಲ. ಗಾಡಿ ಉಸಿರು ಬಿಗಿಹಿಡಿದು, ಒಂದು ಚೂರೂ ಜಾರದೆ, ಗಂಭೀರವಾಗಿ ಹತ್ತಿತು. ರೈಟರು ಕಿಟಕಿಯ ಪಕ್ಕದಲ್ಲೇ ಕಾಫಿಯ ದರ, ಮಳೆಯ ಲೆಕ್ಕ, ಆನೆಯ ಕಾಟ ಎಲ್ಲ ಮಾತಾಡುತ್ತಾ ನಡೆದುಕೊಂಡು ಬಂದರು. ಬಂಗಲೆ ಹತ್ತಿರವಾದಾಗ ಅವರೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ನನಗಾಗಿ ತಡೆಗಂಬ ಸರಿಸಿ ಕಾದು ನಿಂತರು.

ಟೆಂಟು ಬಿಡಿಸಿದೆವು. ಮಡಿಕೆಗಳಲ್ಲಿ ಬಟ್ಟೆ ಅಂಟಂಟಾಗಿ, ಝಿಪ್ಪು ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಹಾಲಿನವನು ಗೇಟಿನಲ್ಲಿ ಕೂಗಿದ. ನಾನು ಕೀಲಿಗೆ ಕೈ ಹಾಕಿದೆ. ಆಮೇಲೆ ಅದನ್ನು ಅಲ್ಲೇ ಬಿಟ್ಟು, ಪ್ಯಾಂಟು ಮಡಚಿ, ಮೊಣಕಾಲನ್ನೊಮ್ಮೆ ನೀವಿಕೊಂಡು, ಕೆಸರಿಗಿಳಿದೆ.