ಅರ್ಧ ಕಪ್ಪಾದ ಫೋಟೊ

ನಮ್ಮ ಮೂವರ ಹತ್ತಿರವೂ ಫೋನ್ ಇದೆ, ಅದರಲ್ಲಿ ಒಳ್ಳೇ ಫೋಟೊನೇ ಬರುತ್ತೆ. ಆದರೂ ರೀಲ್ ಕ್ಯಾಮೆರಾ ಒಂದಿರಬೇಕು ಅನ್ನೋ ಹುಚ್ಚು ಕಾಲೇಜಿನಿಂದಲೇ ಹತ್ತಿತ್ತು. ಸ್ಟುಡಿಯೋ ಮುಚ್ಚಿದವರೊಬ್ಬರು ಬೀರುವಿನಿಂದ ಪೆಂಟಾಕ್ಸ್ ಕೆ1000 ತೆಗೆದು ತೋರಿಸಿದಾಗ ಮೂವರೂ ಸೇರಿ 4,500 ರೂಪಾಯಿ ಹೊಂದಿಸಿದೆವು. 1976ರಲ್ಲಿ ಬಂದು 1997ರವರೆಗೂ ತಯಾರಾದ ಗಟ್ಟಿ ಕ್ಯಾಮೆರಾ. ಶಟರ್‌ಗೆ ಸೆಲ್ ಬೇಡ, ಎಲ್ಲ ಸ್ಪ್ರಿಂಗು, ಗೇರು. ಸೆಲ್ ಬೇಕಾಗೋದು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ.

ಕೊಳ್ಳುವಾಗ ನಾವು ಮಾಡಿದ ಪರೀಕ್ಷೆ ಏನು ಗೊತ್ತಾ? ಕಿವಿ ಹತ್ತಿರ ಹಿಡಿದು ಒಂದು ಸಲ ಕ್ಲಿಕ್ ಅನ್ನಿಸಿದೆವು. ಸದ್ದು ಚೆನ್ನಾಗಿತ್ತು. ಅಷ್ಟೆ.

ಜಾತ್ರೆ ದಿನ 400 ಐಎಸ್‌ಒ ರೀಲು ಹಾಕಿ 36 ಫೋಟೊ ಹೊಡೆದೆವು. ಮಟಮಟ ಮಧ್ಯಾಹ್ನದ ಬಿಸಿಲು, ಹಾಗಾಗಿ ಹೆಚ್ಚಿನವೆಲ್ಲ 1/1000 ಸೆಕೆಂಡಿನಲ್ಲಿ. ತೇರಿನ ಮುಂದೆ ತಮಟೆ ಬಾರಿಸುತ್ತಿದ್ದ ಅಜ್ಜ ನಮ್ಮನ್ನು ಕರೆದು, "ನಂದೊಂದು ತೆಗೀರಪ್ಪ, ಆಧಾರ್ ಕಾರ್ಡಿಂದು ಬಿಟ್ರೆ ಮನೇಲಿ ಒಂದೂ ಇಲ್ಲ" ಅಂದರು. ತೆಗೆದೆವು. ಫೋನಲ್ಲೂ ಒಂದು ತೆಗೆದಿಡಬಹುದಿತ್ತು. ರೀಲಿನದೇ ಕೊಡೋಣ ಅಂತ ಜಂಬ.

ಬೆಂಗಳೂರಿಗೆ ಕಳಿಸಿ ತೊಳೆಸಿಕೊಂಡು ಬರುವಷ್ಟರಲ್ಲಿ ಒಂದೂವರೆ ತಿಂಗಳಾಯಿತು. ಸಂಜೆ ತೆಗೆದವು ಸರಿಯಾಗಿದ್ದವು. ಮಧ್ಯಾಹ್ನದವೆಲ್ಲ ಒಂದು ಬದಿ ಕಪ್ಪು, ಪರದೆ ಎಳೆದ ಹಾಗೆ. ಅಜ್ಜನ ತಮಟೆ ಇತ್ತು, ಎರಡು ಕೈ ಇತ್ತು. ಮುಖ ಕಪ್ಪಿನೊಳಗೆ ಹೋಗಿತ್ತು. ಮತ್ತೆ ತೆಗೆಯೋಣ ಅಂತ ಊರಿಗೆ ಹೋದರೆ ಅಜ್ಜ ತೀರಿಕೊಂಡು ಹನ್ನೆರಡು ದಿನ ಆಗಿತ್ತು.

ಕಾರಣ ಆಮೇಲೆ ತಿಳೀತು. ಈ ಶಟರ್‌ನಲ್ಲಿ ಎರಡು ಬಟ್ಟೆ ಪರದೆ. ಮೊದಲನೆಯದು ಓಡಿ ಬೆಳಕು ಬಿಡುತ್ತೆ, ಎರಡನೆಯದು ಹಿಂದೆಯೇ ಓಡಿ ಮುಚ್ಚುತ್ತೆ. 1/1000ದಲ್ಲಿ ಎರಡರ ನಡುವೆ ಸಣ್ಣ ಸೀಳಷ್ಟೇ ಜಾಗ. ವರ್ಷಗಟ್ಟಲೆ ಬೀರುವಿನಲ್ಲಿದ್ದು ಎಣ್ಣೆ ಒಣಗಿ ಮುಂದಿನದು ಚೂರು ಕುಂಟಿದರೂ ಹಿಂದಿನದು ಬಂದು ಅದರ ಕಾಲು ತುಳಿಯುತ್ತೆ. ಅಲ್ಲಿಂದಾಚೆ ರೀಲಿಗೆ ಬೆಳಕೇ ಇಲ್ಲ.

ಇದನ್ನು ರೀಲಿಲ್ಲದೆ ಎರಡು ನಿಮಿಷದಲ್ಲಿ ನೋಡಬಹುದಿತ್ತು. ಲೆನ್ಸ್ ಬಿಚ್ಚಿ, ಹಿಂದಿನ ಬಾಗಿಲು ತೆಗೆದು, ಬೆಳಕಿರುವ ಕಿಟಕಿಗೆ ಹಿಡಿದು 1/1000ದಲ್ಲಿ ಹೊಡೆಯಿರಿ. ಪೂರ್ತಿ ಚೌಕ ಮಿಂಚಬೇಕು. ಒಂದು ಪಕ್ಕ ಕತ್ತಲು ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ, ಇಲ್ಲವೇ ರಿಪೇರಿ ಖರ್ಚು ಕಳೆದು ಬೆಲೆ ಕೇಳಿ. ಆಮೇಲೆ 1 ಸೆಕೆಂಡಿಗೆ ಇಟ್ಟು ಫೋನಿನ ಸ್ಟಾಪ್‌ವಾಚ್ ಜೊತೆ ಹೋಲಿಸಿ. ನಿಧಾನದ ವೇಗಗಳೂ ಬೇಗ ಕೆಡುತ್ತವೆ, ನಡುವೆ ಸಿಕ್ಕಿಹಾಕಿಕೊಂಡು ಕೊಸರಾಡುತ್ತವೆ.

ಬಿಚ್ಚಿದ ಲೆನ್ಸಿಗೆ ಫೋನಿನ ಟಾರ್ಚ್ ಬಿಡಿ. ಜೇಡರಬಲೆಯಂಥ ಎಳೆ ಕಂಡರೆ ಅದು ಬೂಸ್ಟು, ನಮ್ಮ ಮಳೆಗಾಲದ ಉಡುಗೊರೆ. ಬಾಗಿಲ ಅಂಚಿನ ಕಪ್ಪು ಫೋಮ್ ಮುಟ್ಟಿದರೆ ಡಾಂಬರಿನಂತೆ ಅಂಟುತ್ತಾ? ಹೆದರಬೇಡಿ, ಅದನ್ನು ಮನೆಯಲ್ಲೇ ಕೆರೆದು ಹೊಸದು ಹಾಕಬಹುದು. ರೀಲು ಹಾಕಿದ ಮೇಲೆ ಮಾತ್ರ ಎಡಗಡೆಯ ಗುಂಡಿ ನೋಡ್ತಾ ಇರಿ. ಸಡಿಲ ಸುತ್ತಿಕೊಂಡ ಮೇಲೆ, ನೀವು ಲಿವರ್ ಎಳೆದಾಗಲೆಲ್ಲ ಅದು ತಿರುಗಬೇಕು. ತಿರುಗದಿದ್ದರೆ ರೀಲು ಓಡುತ್ತಿಲ್ಲ, ನೀವು ಸುಮ್ಮನೆ ಕ್ಲಿಕ್ ಅನ್ನಿಸ್ತಾ ಇದೀರಿ.

ಕ್ಯಾಮೆರಾ ಇನ್ನೂ ರಿಪೇರಿ ಮಾಡಿಸಿಲ್ಲ. ಕಿಟಕಿಗೆ ಹಿಡಿದು ನೋಡಿದೆವು, 1/500ಕ್ಕೆ ಚೌಕ ಪೂರ್ತಿ ಇದೆ. ಅದರ ಮೇಲೆ ಹೋಗಲ್ಲ. ಅಜ್ಜನ ಮಗನಿಗೆ ಆ ಫೋಟೊ ಕೊಡಲು ನಾಚಿಕೆಯಾಗಿ ಮುಚ್ಚಿಟ್ಟಿದ್ದೆವು. ಅವರೇ ಕೇಳಿ ಇಸಿದುಕೊಂಡರು. ಬಹಳ ಹೊತ್ತು ನೋಡಿ, "ಕೈ ಅವರದೇ" ಅಂದರು. ಈಗ ಅದು ಕಟ್ಟು ಹಾಕಿಸಿಕೊಂಡು ಅವರ ನಡುಮನೆಯಲ್ಲಿದೆ, ಪಕ್ಕದಲ್ಲೇ ತಮಟೆ.