ಕತ್ತಲ ನೆಲಮಾಳಿಗೆಯ ಆಟ

ಮನೆಯೊಳಕ್ಕೆ ಬರುವ ಆಟವನ್ನು ಹಿರಿಯರು ಒಮ್ಮೆ ಪರೀಕ್ಷಿಸಿ ನೋಡತಕ್ಕದ್ದೆಂದು ನಮ್ಮ ಮತ. ಬಳ್ಳಾರಿಯ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುವ ತಂಗಿಯ ಮಗನು ತನ್ನ ಲ್ಯಾಪ್‌ಟಾಪಿನಲ್ಲಿ ‘ಡಾರ್ಕೆಸ್ಟ್ ಡಂಜನ್’ ಎಂಬ ಆಟವನ್ನು ಹಚ್ಚಿಕೊಂಡಾಗ, ನಾವೂ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಎರಡು ತಿಂಗಳ ಪರ್ಯಂತ ನೋಡಿದೆವು. ಕೆಲವು ರಾತ್ರಿ ಆಡಿಯೂ ಆಡಿದೆವು.

ಕೆನಡಾ ದೇಶದ ರೆಡ್ ಹುಕ್ ಎಂಬ ಸಂಸ್ಥೆಯವರು 2016ರಲ್ಲಿ ಹೊರತಂದ ಆಟವಿದು. ಪೂರ್ವಿಕನೊಬ್ಬನು ತನ್ನ ಮಹಲಿನ ಬುಡದಲ್ಲಿ ಅಗೆಯಬಾರದುದನ್ನು ಅಗೆಯಿಸಿ, ಮಲಗಿದ್ದ ಪೀಡೆಗಳನ್ನೆಬ್ಬಿಸಿ, ಊರನ್ನು ಹಾಳುಗೆಡಹಿ, ವಾರಸುದಾರನಿಗೊಂದು ಪತ್ರ ಬರೆದಿಟ್ಟು ಪ್ರಾಣ ಬಿಟ್ಟಿದ್ದಾನೆ. ಆ ವಾರಸುದಾರನೇ ಆಡುವವನು. ವಾರವಾರವೂ ಬಂಡಿಯಲ್ಲಿ ಬಂದಿಳಿಯುವ ವೀರರಲ್ಲಿ ನಾಲ್ವರನ್ನು ಆರಿಸಿ, ಬುತ್ತಿ, ಪಂಜು, ಸಲಿಕೆ, ಗಾಯಕ್ಕೆ ಕಟ್ಟುವ ಪಟ್ಟಿ ಇವನ್ನು ಕೊಡಿಸಿ ಪಾಳುಗಳೊಳಕ್ಕೆ ಕಳುಹಬೇಕು. ಕಾದಾಟವೆಲ್ಲ ಸರದಿಯ ಮೇಲೆ. ಕೈಯ ಚುರುಕು ಬೇಕಿಲ್ಲ. ತನ್ನ ಸರದಿಯಲ್ಲಿ ಎಷ್ಟು ಹೊತ್ತಾದರೂ ಯೋಚಿಸಬಹುದು. ಐವತ್ತು ದಾಟಿದ ನಮ್ಮಂಥವರಿಗೆ ಇದೊಂದು ಅನುಕೂಲ.

ಇತರ ಆಟಗಳಲ್ಲಿ ವೀರರಿಗೆ ದೇಹ ಮಾತ್ರ ಉಂಟು. ಇಲ್ಲಿ ಮನಸ್ಸೂ ಉಂಟು. ಪಂಜು ಮಂಕಾದಂತೆ, ಏಟು ಬಿದ್ದಂತೆ, ಅವರ ಮನಸ್ಸಿನ ಭಾರ ಏರುತ್ತದೆ. ಅದು ನೂರನ್ನು ಮುಟ್ಟಿತೆಂದರೆ ಬಹುಮಟ್ಟಿಗೆ ಬುದ್ಧಿ ಕೆಡುತ್ತದೆ: ಒಬ್ಬನು ಸಂಗಡಿಗರನ್ನು ಬೈಯತೊಡಗುವನು, ಇನ್ನೊಬ್ಬನು ತನ್ನ ಸರದಿಯನ್ನೇ ಬಿಟ್ಟುಕೊಡುವನು. ಎಲ್ಲೋ ಒಬ್ಬನು ಆ ಗಳಿಗೆಯಲ್ಲಿಯೇ ಧೀರನಾಗಿ ನಿಲ್ಲುವುದೂ ಉಂಟು. ಊರಿಗೆ ಮರಳಿದ ಮೇಲೆ ಅವರನ್ನು ಹೆಂಡದಂಗಡಿಗೋ ಪ್ರಾರ್ಥನೆಗೋ ಕಳುಹಿ, ಖರ್ಚು ಮಾಡಿ, ಮನಸ್ಸನ್ನು ತಿಳಿಯಾಗಿಸಬೇಕು. ದುಡಿಸಿಕೊಳ್ಳುವವನ ಲೆಕ್ಕದಲ್ಲಿ ದುಡಿಯುವವನ ದಣಿವನ್ನೂ ಬರೆಯುವ ಆಟವನ್ನು ನಾವು ಬೇರೆ ಕಂಡಿಲ್ಲ.

ಇದರ ಕಾಠಿಣ್ಯವು ಇನ್ನೊಂದು ಕಡೆ ಇದೆ. ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮನೆಗೆ ಮರಳಿ ಮತ್ತೆ ಹೊರಡುವುದು. ಇಲ್ಲಿ ಸತ್ತವನು ಸತ್ತನು, ಊರಿನ ಸ್ಮಶಾನದಲ್ಲಿ ಅವನ ಹೆಸರಿನದೊಂದು ಕಲ್ಲು ಏಳುತ್ತದೆ. ಆಟವು ಹೆಜ್ಜೆಹೆಜ್ಜೆಗೂ ತನ್ನ ದಫ್ತರವನ್ನು ತಾನೇ ಬರೆದುಕೊಳ್ಳುವುದರಿಂದ, ಹಿಂದಿನ ಸ್ಥಿತಿಗೆ ಹೋಗಿ ತಿದ್ದಿಕೊಳ್ಳುವ ದಾರಿಯಿಲ್ಲ. ಇಪ್ಪತ್ತು ವಾರ ಸಾಕಿದ ಗಾಯ ಮಾಯಿಸುವ ಸಂನ್ಯಾಸಿನಿಯೊಬ್ಬಳು ಒಂದೇ ಏಟಿಗೆ ಹೋದ ರಾತ್ರಿ ಹುಡುಗನು ಊಟಕ್ಕೆ ಏಳಲಿಲ್ಲ. ಮನೆಯವರು ನಕ್ಕರು. ನಮಗೆ ನಗು ಬರಲಿಲ್ಲ.

ಕುರುಗೋಡಿನಲ್ಲಿರುವ ನಮ್ಮ ತಾಯಿಯವರು ಎಂಬತ್ತರ ಹತ್ತಿರದವರು, ನಾಲ್ಕು ಕವಡೆಗಳಿಂದ ಊರಿನವರನ್ನೆಲ್ಲ ಸೋಲಿಸಿದವರು. ಬಸವಣ್ಣನ ದರ್ಶನಕ್ಕೆಂದು ಅಲ್ಲಿಗೆ ಹೋದಾಗ ಮೊಮ್ಮಗನು ಅವರಿಗೆ ಆಟವನ್ನು ತೋರಿಸಿದನು. ಅವರು ಬಹಳ ಹೊತ್ತು ನೋಡಿ, “ಬಿತ್ತು ಅಂತಿ, ತಪ್ಪಿತು ಅಂತಿ; ಕವಡಿ ಒಗೆದವರು ಯಾರಪ್ಪಾ?” ಎಂದರು. ಹುಡುಗನು, “ಯಂತ್ರಾನೇ ಒಗೀತೈತಿ ಅಜ್ಜಿ” ಎಂದನು. “ಆಡೋದೂ ಅದೇ, ಒಗಿಯೋದೂ ಅದೇ ಏನು?” ಎಂದು ಅವರು ಒಳಗೆ ಹೋದರು. ಆಟದ ಮುಖ್ಯ ದೋಷವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನಮ್ಮಿಂದಾಗದು. ಏಟು ತಗಲುವ ಸಂಭವವನ್ನು ಅಂಕೆಯಲ್ಲಿ ಬರೆದು ತೋರಿಸುವರೆಂಬುದು ನಿಜ. ಆದರೂ ಕಣ್ಣೆದುರು ಉರುಳಿದ ಕವಡೆಯನ್ನು ಒಪ್ಪುವ ಮನಸ್ಸು, ಕಾಣದ ಕವಡೆಯಿಂದ ಸತ್ತವಳನ್ನು ಒಪ್ಪದು. ಹಂಪೆಯ ಗುಡಿಗಳ ಹಾಸುಗಲ್ಲಿನ ಮೇಲೆ ಗೆರೆ ಕೊರೆದು ಆಡಿದವರಿಗೆ ಈ ಸಂಶಯವೇ ಇರಲಿಲ್ಲ. ಹುಲಿಕುರಿಯಲ್ಲಂತೂ ಕವಡೆಯೇ ಇಲ್ಲ, ಸೋತವನು ತನ್ನ ನಡೆಯಿಂದಲೇ ಸೋತನು.

ಇಷ್ಟಿದ್ದರೂ ಆಟವನ್ನು ಮನೆಯಿಂದ ಹೊರಗೆ ಹಾಕಬೇಕೆಂದು ನಮಗೆ ತೋರಲಿಲ್ಲ. ಇದರಲ್ಲಿ ಹಿಮ್ಮೆಟ್ಟುವುದಕ್ಕೆ ಸ್ಥಾನವಿದೆ. ಕೆಲಸ ಮುಗಿಯದಿದ್ದರೂ ಮರಳಿ ಬರಬಹುದು. ಮನಸ್ಸಿನ ಭಾರ ಹೆಚ್ಚುವುದು, ಪ್ರಾಣ ಉಳಿಯುವುದು. ಹುಡುಗನ ತಂದೆ ಸಿರುಗುಪ್ಪದ ಕಡೆಯ ಭತ್ತದ ಬೇಸಾಯಗಾರರು. 2024ರಲ್ಲಿ ಅವರು ತಮ್ಮ ಗದ್ದೆಯಲ್ಲದೆ ಇನ್ನೈದು ಎಕರೆಯನ್ನು ಗುತ್ತಿಗೆಗೆ ಹಿಡಿಯಲು ಮುಂಗಡ ಕೊಟ್ಟಿದ್ದರು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ನೀರೆಲ್ಲ ಹೊಳೆಯ ಪಾಲಾಗತೊಡಗಿದಾಗ, ಎರಡು ರಾತ್ರಿ ನಿದ್ದೆಗೆಟ್ಟು, ಮುಂಗಡ ಹೋದರೆ ಹೋಗಲೆಂದು ಗುತ್ತಿಗೆಯನ್ನು ಬಿಟ್ಟುಕೊಟ್ಟರು. ಊರಿನಲ್ಲಿ ಅವರನ್ನು ಪುಕ್ಕಲನೆಂದವರುಂಟು. ಮುಂದೆ ತಾತ್ಕಾಲಿಕ ಗೇಟು ಕೂರಿಸಿದರು, ಮಳೆ ಬಂತು, ಜಲಾಶಯ ತುಂಬಿತು, ಆ ಐದೆಕರೆಯ ಭತ್ತ ಬೇರೊಬ್ಬರ ಮನೆ ಸೇರಿತು. ನಮ್ಮ ತಂಗಿಗೆ ಅದು ಇಂದಿಗೂ ಸಂಕಟವೇ. ಮೊನ್ನೆ ಈ ಮಾತು ಬಂದಾಗ ಹುಡುಗನು ತೆರೆಯಿಂದ ಕಣ್ಣು ತೆಗೆಯದೆ, “ಅಪ್ಪ ಪಂಜು ಆರೋಕ್ಕಿಂತ ಮೊದಲೇ ವಾಪಸು ಬಂದಾರ ಮಾಮಾ, ನಾವು ನಾಲ್ಕೂ ಮಂದಿ ಅದೀವಲ್ಲ” ಎಂದನು. ಅವನು ತಂದೆಯ ಪಕ್ಷ ವಹಿಸಿ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಇನ್ನುಳಿದ ದೋಷಗಳನ್ನೂ ಹೇಳಿಬಿಡುವೆವು. ಚಿತ್ರಗಳು ರಕ್ತಮಯ, ಚಿಕ್ಕ ಮಕ್ಕಳೆದುರಿಗೆ ತೆರೆಯತಕ್ಕವಲ್ಲ. ಕಥೆ ಹೇಳುವ ಗಂಭೀರ ಧ್ವನಿಯ ಇಂಗ್ಲಿಷು ಕಾಲೇಜು ಹುಡುಗರಿಗೂ ಕಬ್ಬಿಣದ ಕಡಲೆ. ಎಲ್ಲಕ್ಕೂ ಮಿಗಿಲಾಗಿ ಇದು ಕಾಲವನ್ನು ನುಂಗುತ್ತದೆ. ಕಡೆಯ ನೆಲಮಾಳಿಗೆಗೆ ನಾಲ್ಕು ಸಲ ಇಳಿಯಬೇಕು. ಒಮ್ಮೆ ಹೋಗಿ ಬಂದವರು ಎರಡನೆಯ ಸಲ ಕಾಲಿಡಲೊಲ್ಲರು. ಪಳಗಿದವರು ಸಣ್ಣ ಪಾಳುಗಳಿಗೆ ಹೋಗಲೊಲ್ಲರು. ಆದುದರಿಂದ ಹೊಸಬರನ್ನು ಮೊದಲಿನಿಂದ ಪಳಗಿಸುತ್ತ, ಕಂಡ ಪಾಳನ್ನೇ ಕಾಣುತ್ತ ತಿಂಗಳುಗಳು ಕಳೆಯುತ್ತವೆ. ತರುವಾಯ ಸೇರಿಸಿದ ‘ರೇಡಿಯೆಂಟ್’ ಎಂಬ ಕ್ರಮದಲ್ಲಿ ದಾರಿ ಕಿರಿದಾಗುತ್ತದೆ. ಗೃಹಸ್ಥರು ಮಕ್ಕಳಿಗೆ ಅದನ್ನೇ ಹಿಡಿಸುವುದು ಲೇಸು.

ನಮ್ಮ ಮನೆಯಲ್ಲಿ ಈಗ ಶನಿವಾರ ರಾತ್ರಿ ಎರಡು ಗಂಟೆಗಳ ಕಾಲ ಆಡುವುದೆಂದು ಗೊತ್ತಾಗಿದೆ. ಕಡೆಯ ನೆಲಮಾಳಿಗೆಗೆ ಇನ್ನೂ ಇಳಿದಿಲ್ಲ. ಅಲ್ಲಿಂದ ಹಿಮ್ಮೆಟ್ಟಿದರೆ ನಾಲ್ವರಲ್ಲೊಬ್ಬನನ್ನು ಬಿಟ್ಟುಬರಬೇಕಂತೆ. ಹುಡುಗನು ಅದನ್ನೇ ಎಣಿಸುತ್ತಿದ್ದಾನೆ.