ಇಳಸೂದು ಕಲ್ತೀನ್ರಿ

"ವೈನಿ, ನೀವು ವಿಮಾನ ಹಾರಸಾಕತ್ತೀರಂತ, ಖರೇನ್ರಿ?" ಅಂತ ಓಣ್ಯಾಗ ಮೂರ ಮಂದಿ ಕೇಳಿದ್ರು. ಹಾರಸೂದು ಅಲ್ರಿ, ಇಳಸೂದು. ಏರಸೂದು ಅಷ್ಟೇನ ತ್ರಾಸ ಇಲ್ಲ.

ಮಗನ ಕಂಪ್ಯೂಟರಿನಾಗ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಐತಿ. 2020ರಾಗ ಬಂದಿದ್ದು. ಮ್ಯಾಲಿಂದ ತಗದ ಫೋಟೋ ಜೋಡಿಸಿ ಇಡೀ ಭೂಮಿನ ಅದರಾಗ ಮಾಡಿಟ್ಟಾರ. ನಮ್ಮ ಕೊಣ್ಣೂರೂ ಐತಿ, ಘಟಪ್ರಭಾ ಹೊಳಿನೂ ಐತಿ. ನಮ್ಮ ಮನಿ ಮಾಳಗಿ ಮಾತ್ರ ಗುರುತು ಹತ್ತಲಿಲ್ಲ.

ನನಗ್ಯಾಕ ಈ ಉಸಾಬರಿ ಅಂದ್ರ, ಮಗಳು ದುಬೈದಾಗ ಅದಾಳ, ಬಾಣಂತನಕ್ಕ ನಾನ ಹೋಗಬೇಕು. 2010ರ ಮೇ 22ಕ್ಕ ಮಂಗಳೂರಾಗ ವಿಮಾನ ಬಿದ್ದು 158 ಮಂದಿ ಸತ್ರಲ್ಲ, ಅದೂ ದುಬೈದಿಂದ ಬಂದಿದ್ದು. ಅವತ್ತ ಟಿವಿ ನೋಡಿದಾಗಿಂದ ವಿಮಾನ ಅಂದ್ರ ಹೊಟ್ಟ್ಯಾಗ ಕಲಸಿದಂಗ ಆಗತೈತಿ. "ಅಂಜಬ್ಯಾಡವ್ವಾ, ಹೆಂಗ ಇಳಸ್ತಾರ ನೀನ ಇಳಿಸಿ ನೋಡು" ಅಂದ ಮಗ.

ನಾವು ಇಳಸೂದು ಸಾಂಬ್ರಾಕ್ಕ. ಬ್ರಿಟಿಷರ ವಾಯುಪಡೆ 1942ರಾಗ ಮಾಡಿದ ನಿಲ್ದಾಣ ಅದು. ಈಗಿನ ರನ್‌ವೇ 2,300 ಮೀಟರ್ ಉದ್ದ. ಕೊಣ್ಣೂರಿಂದ ತೆಂಕಲಕ್ಕ ಹಾರಿ, ಬಲಕ್ಕ ಹೊಳ್ಳಿ, ಪಡುವಲಕ್ಕ ಮಾರಿ ಮಾಡಿ ಇಳಸೂದು. ಮಳಿಗಾಲದ ಗಾಳಿ ಪಡುವಲಿಂದ ಬರತೈತಲ್ಲ, ವಿಮಾನ ಗಾಳಿಗೆ ಎದುರಾಗಿ ಇಳೀಬೇಕು.

ಲೆಕ್ಕಾ ಸರಳ. ರನ್‌ವೇ ಹತ್ತು ಮೈಲು ಇದ್ದಾಗ ನೆಲದಿಂದ 3,000 ಅಡಿ ಮ್ಯಾಲ ಇರಬೇಕು, ಐದು ಮೈಲು ಇದ್ದಾಗ 1,500. ಅವರ ಮೈಲು ಅಂದ್ರ 1.85 ಕಿಲೋಮೀಟರ್. ಆದ್ರ ಮೀಟರ್ ತೋರಸೂದು ಸಮುದ್ರದಿಂದ ಎಷ್ಟ ಎತ್ತರ ಅಂತ. ಸಾಂಬ್ರಾದ ನೆಲಾನ ಸುಮಾರು 2,500 ಅಡಿ ಎತ್ತರ ಐತಿ, ಅದನ್ನ ಕೂಡಸ್ಕೋಬೇಕು. ರನ್‌ವೇ ಬಾಜೂಕ ನಾಕು ದೀಪ ಇರತಾವ. ಎರಡು ಬಿಳಿ, ಎರಡು ಕೆಂಪು ಕಂಡ್ರ ಬರೋಬ್ಬರಿ. ನಾಕೂ ಬಿಳಿ ಇದ್ರ ಭಾಳ ಮ್ಯಾಲ ಅದೀವಿ, ನಾಕೂ ಕೆಂಪಿದ್ರ ಭಾಳ ಕೆಳಗ.

ಏರ್‌ಬಸ್ ಎ320 ತಾಸಿಗೆ 250 ಕಿಲೋಮೀಟರ್ ಮ್ಯಾಲ-ಕೆಳಗ ಓಡಕೋತ ನೆಲಕ್ಕ ಬರತೈತಿ. ಕಡೀಕ ವಿಮಾನನ ಬಾಯಿ ಬಿಟ್ಟು ಎತ್ತರ ಎಣಸತೈತಿ, ಐವತ್ತು, ನಲವತ್ತು, ಮೂವತ್ತು. ಆವಾಗ ಮೂಗು ಚೂರ ಎತ್ತಬೇಕು. ತುಂಬಿದ ಕೊಡಾ ತಲಿ ಮ್ಯಾಲಿಂದ ಇಳಸೂಮುಂದ ಕಡೀಕ ಸಾವಕಾಶ ಮಾಡತೀವಲ್ಲ, ಹಂಗ. ಭಾಳ ಎತ್ತಿದ್ರ ರನ್‌ವೇ ಮುಗದ್ರೂ ತೇಲಕೋತನ ಹೋಗತೈತಿ.

"ಇದೆಲ್ಲಾ ಹುಡುಗರ ಆಟ" ಅಂದ್ರು ನಮ್ಮ ಮನಿಯವರು. ಖರೇ ಪೈಲಟರೂ ಇಂಥಾದರಾಗನ ಕಲೀತಾರ. ಅಮೆರಿಕಾದ ಎಡ್ವಿನ್ ಲಿಂಕ್ ಅನ್ನಾಂವ ಸುಮಾರು 1929ರಾಗನ ಇಂಥಾ ಮಷೀನ್ ಮಾಡಿದ್ದ. ಅವರ ಮನಿತನದ ಕಸಬು ಪಿಯಾನೋ, ಆರ್ಗನ್ ಮಾಡೂದು. ನಮ್ಮ ಭಜನಿ ಪೇಟಿಗೆ ಗಾಳಿ ತುಂಬೂ ತಿದಿ ಇರತೈತಲ್ಲ, ಅಂಥಾ ತಿದಿ ಹಚ್ಚೇ ಆ ಮಷೀನ್ ಅಳ್ಳಾಡೂಹಂಗ ಮಾಡಿದ್ದ.

ನನಗ ಎಲ್ಲಾಕ್ಕಿಂತ ಮನಸ್ಸಿಗೆ ಹತ್ತಿದ್ದು 'ಗೋ ಅರೌಂಡ್'. ನೆಲ ಹತ್ರ ಬಂದಾಗ ಸ್ಪೀಡು, ಎತ್ತರ ಲೆಕ್ಕಕ್ಕ ಕೂಡಲಿಲ್ಲಂದ್ರ ಇಳಸೂದು ಬಿಟ್ಟು, ಇಂಜಿನ್ ಜೋರು ಮಾಡಿ ಮತ್ತ ಮ್ಯಾಲ ಏರೂದು. ಒಂದು ಸುತ್ತ ಹೊಡದು ಹೊಸದಾಗಿ ಬರೂದು. ಮಂಗಳೂರಿನ ವಿಮಾನ ಭಾಳ ಎತ್ತರದಿಂದ ಬಂದಿತ್ತು. ಬಾಜೂಕ ಕುಂತ ಸಹ ಪೈಲಟ್ ಮೂರ ಸಲ 'ಗೋ ಅರೌಂಡ್' ಅಂದಿದ್ದ. ದೊಡ್ಡ ಪೈಲಟ್ ಕೇಳಲಿಲ್ಲ. ಸುಮಾರು 8,000 ಅಡಿ ರನ್‌ವೇದಾಗ 5,200 ಅಡಿ ದಾಟಿದ ಮ್ಯಾಲ ಗಾಲಿ ನೆಲಕ್ಕ ಹತ್ತಿದ್ವು. ಮುಂದ ಕೊಳ್ಳ. ಹಿರ್ಯಾರ ಮಾತಿನ ಮುಂದ ಕಿರ್ಯಾರ ಮಾತು ನಡಿಯೂದಿಲ್ಲ ಅನ್ನೂದು ನಮ್ಮ ಮನ್ಯಾಗಷ್ಟ ಐತಿ ಅಂದ್ಕೊಂಡಿದ್ದೆ.

ಅದಕ್ಕ ನಿಮಗೊಂದು ಹೇಳತೀನಿ ಅಕ್ಕಂದಿರಾ. ನೀವು ಕುಂತ ವಿಮಾನ ಇನ್ನೇನ ನೆಲಕ್ಕ ಹತ್ತತೈತಿ ಅನ್ನೂದರಾಗ ಘರ್ರಂತ ಮ್ಯಾಲ ಎದ್ರ ಚೀರಬ್ಯಾಡ್ರಿ. ಒಳಗ ಕುಂತಾಂವ ಶಾಣ್ಯಾ ಅದಾನಂತ ತಿಳೀರಿ. ನಾನೂ ಈಗ ಆಟದಾಗ ದಿನಾ ಎರಡ ಸಲಾನರೆ ಮ್ಯಾಲ ಏರತೀನಿ.

ಟಿಕೀಟ ತಗಸೇವಿ. ಕಿಡಕಿ ಸೀಟನ ಬೇಕಂತ ಹಟಾ ಮಾಡೀನಿ, ಅದೂ ರೆಕ್ಕಿ ಹಿಂದಿಂದು. ಇಳಿಯೂಮುಂದ ರೆಕ್ಕಿ ಹಿಂದಿನ ಪಟ್ಟಿ ಒಂದೊಂದ ಹಂತ ಕೆಳಗ ಬರತಾವಲ್ಲ, ಅವನ್ನ ಎಣಸಬೇಕು.